ಲುಕ್ ಆಫ್ಟರ್, ಪುಟ್ ಆಫ್, ರನ್ ಔಟ್ ಆಫ್: ಇಂಗ್ಲಿಷಿನ ಜೋಡಿ ಕ್ರಿಯಾಪದಗಳನ್ನು ವಾಕ್ಯದಲ್ಲಿ ಕೂರಿಸುವುದು ಹೇಗೆ?

‘ಗೆಟ್ ಅಪ್, ಗೆಟ್ ಆಫ್, ಗೆಟ್ ಓವರ್... ಇವುಗಳ ಪೂರ್ತಿ ಪಟ್ಟಿ ಇದ್ದರೆ ಕಳಿಸಿ, ಬಾಯಿಪಾಠ ಮಾಡ್ತೀವಿ’ ಎಂದು ಕೇಳುವವರು ತುಂಬಾ ಜನ. ಮಂಡ್ಯದಲ್ಲಿ ಪಿಯುಸಿ ಓದುವವರು ಕೇಳುತ್ತಾರೆ. ಮೈಸೂರಿನ ಹೆಬ್ಬಾಳದ ಕಡೆ ಕಂಪನಿಗಳಿಗೆ ಇಂಟರ್‌ವ್ಯೂಗೆ ಹೊರಟವರು ಕೇಳುತ್ತಾರೆ. ಮಕ್ಕಳಿಗೆ ಹೋಮ್‌ವರ್ಕ್ ಹೇಳಿಕೊಡುವ ಅಮ್ಮಂದಿರೂ ಕೇಳುತ್ತಾರೆ.

ಪಟ್ಟಿಗೇನೂ ಬರವಿಲ್ಲ. ಆದರೆ ಪಟ್ಟಿ ಓದಿದವರೇ ಮಾತಾಡುವಾಗ ‘ಸ್ವಿಚ್ ಆಫ್ ಇಟ್’ ಎನ್ನುತ್ತಾರೆ, ‘ಡಿಸ್ಕಸ್ ಅಬೌಟ್’ ಎನ್ನುತ್ತಾರೆ. ಅರ್ಥ ಗೊತ್ತಿರುತ್ತದೆ, ವಾಕ್ಯ ಕೈಕೊಡುತ್ತದೆ. ಹಾಗಾಗಿ ಇಲ್ಲಿ ಪಟ್ಟಿ ಕೊಡುತ್ತಿಲ್ಲ. ಕನ್ನಡದವರು ಎಲ್ಲಿ ಎಡವುತ್ತಾರೆ, ಕನ್ನಡ ಬರುವುದರಿಂದಲೇ ಎಲ್ಲಿ ಅನುಕೂಲ ಆಗುತ್ತದೆ ಎಂದು ನೋಡುತ್ತಾ ಹೋಗೋಣ.

ಬೇಕಾದದ್ದು ಇಷ್ಟೇ: ಒಂದು ನೋಟ್‌ಬುಕ್, ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡುವ ಸೌಲಭ್ಯ, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಒಂದು ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಇಂಥ ನಿಘಂಟುಗಳನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿವೆ. ಕನ್ನಡ ಅರ್ಥ ಕೊಡುವ ನಿಘಂಟು ಪಕ್ಕದಲ್ಲಿದ್ದರೆ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಯಾಕೆ ಎನ್ನುವುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಎರಡು ಜಾತಿಯನ್ನು ಬೇರೆ ಮಾಡಿ

ಈ ಎರಡು ವಾಕ್ಯ ನೋಡಿ.

‘ವಿ ವೇಟೆಡ್ ಫಾರ್ ದ ಬಸ್.’ ನಾವು ಬಸ್ಸಿಗೆ ಕಾದೆವು.
‘ದೇ ಪುಟ್ ಆಫ್ ದ ವೆಡ್ಡಿಂಗ್.’ ಅವರು ಮದುವೆಯನ್ನು ಮುಂದೂಡಿದರು.

ಮೊದಲನೆಯದರಲ್ಲಿ ‘ವೇಟ್’ ಎಂದರೆ ಕಾಯುವುದೇ. ‘ಫಾರ್’ ಬಂದದ್ದರಿಂದ ಅದರ ಅರ್ಥವೇನೂ ಬದಲಾಗಲಿಲ್ಲ. ‘ವೇಟ್’ ತನ್ನ ಜೊತೆಗೆ ‘ಫಾರ್’ ಬೇಕು ಎನ್ನುತ್ತದೆ, ಅಷ್ಟೇ. ಇಲ್ಲಿ ‘ಫಾರ್’ ಒಂದು ಪ್ರೆಪೊಸಿಷನ್. ಅಂದರೆ ನಾಮಪದಕ್ಕೆ ಮೊದಲು ಬಂದು ಸಂಬಂಧ ತೋರಿಸುವ ಸಣ್ಣ ಪದ.

ಎರಡನೆಯದರಲ್ಲಿ ‘ಪುಟ್’ ಎಂದರೆ ಇಡು. ಆದರೆ ಮದುವೆಯನ್ನು ಯಾರೂ ಎಲ್ಲೂ ಇಡಲಿಲ್ಲ. ‘ಪುಟ್’ ಮತ್ತು ‘ಆಫ್’ ಸೇರಿ ಹೊಸ ಅರ್ಥ ಹುಟ್ಟಿತು. ಇದು ಫ್ರೇಸಲ್ ವರ್ಬ್. ಅದರೊಳಗಿನ ‘ಆಫ್’, ‘ಅಪ್’, ‘ಔಟ್’ ಥರದ ಪದವನ್ನು ಪಾರ್ಟಿಕಲ್ ಎನ್ನುತ್ತಾರೆ. ನಾವು ‘ಸಣ್ಣ ಪದ’ ಎಂದೇ ಕರೆಯೋಣ.

ಈ ಎರಡರ ನಡುವೆ ಗೆರೆ ಎಳೆದಷ್ಟು ಸ್ಪಷ್ಟವಾದ ಗಡಿ ಇಲ್ಲ. ‘ಲುಕ್ ಆಫ್ಟರ್’ (ನೋಡಿಕೊಳ್ಳು) ಯಾವ ಜಾತಿ ಎಂದು ವ್ಯಾಕರಣದವರೇ ವಾದ ಮಾಡುತ್ತಾರೆ. ನಿಮಗೆ ಆ ಜಗಳ ಬೇಡ. ಅರ್ಥ ಬದಲಾಯಿತೋ ಇಲ್ಲವೋ ಎಂದಷ್ಟೇ ಕೇಳಿಕೊಳ್ಳಿ. ಇದು ನಿಮಗೊಬ್ಬರಿಗೇ ಕಷ್ಟ ಅಂದುಕೊಳ್ಳಲೂ ಬೇಡಿ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರದೇಶದವರಿಗೆ ಅತಿ ಹೆಚ್ಚು ತೊಡಕಾಗುವುದು ಇಂಥ ಜೋಡಿಗಳೇ ಎಂದು ಅದರ ಮುನ್ನುಡಿಯಲ್ಲೇ ಬರೆದಿದ್ದ.

ಹಂತ 2: ಗೆ, ಇಂದ, ಅಲ್ಲಿ, ಮೇಲೆ – ಇವನ್ನು ನಂಬಿ ಹೋಗಬೇಡಿ

ನಮ್ಮ ತಪ್ಪುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಇಂಗ್ಲಿಷಿನ ಪ್ರೆಪೊಸಿಷನ್ ಮಾಡುವ ಕೆಲಸವನ್ನು ಕನ್ನಡದಲ್ಲಿ ನಾಮಪದದ ಬಾಲಕ್ಕೆ ಅಂಟುವ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ. ಜೊತೆಗೆ ಮೇಲೆ, ಬಗ್ಗೆ, ಜೊತೆ ಎಂಬಂಥ ಪದಗಳೂ ಇವೆ. ‘ಗೆ’ ಅಂದರೆ ‘ಟು’, ‘ಇಂದ’ ಅಂದರೆ ‘ಫ್ರಮ್’, ‘ಅಲ್ಲಿ’ ಅಂದರೆ ‘ಇನ್’ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಅರ್ಧದಷ್ಟು ಕಡೆ ಅದು ಸರಿಹೋಗುತ್ತದೆ. ಉಳಿದ ಕಡೆ ಮುಗ್ಗರಿಸುತ್ತೇವೆ.

ಮೊದಲು ‘ಗೆ’ ನೋಡಿ. ‘ಅವನಿಗೆ ಫೋನ್ ಮಾಡಿದೆ’ ಎನ್ನುವಾಗ ‘ಗೆ’ ಇದೆ. ಅದಕ್ಕೇ ‘ಐ ಕಾಲ್ಡ್ ಟು ಹಿಮ್’ ಎಂದು ಬಾಯಿಗೆ ಬರುತ್ತದೆ. ಸರಿ ವಾಕ್ಯ: ‘ಐ ಕಾಲ್ಡ್ ಹಿಮ್.’ ಹಾಗೆಯೇ ‘ರೀಚ್ಡ್ ಟು ಮೈಸೂರು’ ತಪ್ಪು, ‘ರೀಚ್ಡ್ ಮೈಸೂರು’ ಸರಿ. ಹೇಳುವುದಕ್ಕೆ ಸಂಬಂಧಿಸಿದ ಮೂರು ಕ್ರಿಯಾಪದಗಳು ಇನ್ನೂ ತರಲೆ. ಕನ್ನಡದಲ್ಲಿ ಮೂರಕ್ಕೂ ‘ನನಗೆ’ ಎಂದರೆ ಸಾಕು. ಇಂಗ್ಲಿಷಿನಲ್ಲಿ:

‘ಶಿ ಟೋಲ್ಡ್ ಮೀ.’ ಇಲ್ಲಿ ‘ಟು’ ಬೇಡ.
‘ಶಿ ಸೆಡ್ ಟು ಮೀ.’ ಇಲ್ಲಿ ‘ಟು’ ಬೇಕು.
‘ಶಿ ಎಕ್ಸ್‌ಪ್ಲೇನ್ಡ್ ಇಟ್ ಟು ಮೀ.’ ಇಲ್ಲೂ ಬೇಕು. ‘ಎಕ್ಸ್‌ಪ್ಲೇನ್ ಮೀ’ ಎಂದು ಮೇಷ್ಟ್ರ ಹತ್ತಿರ ಕೇಳುವ ಮಕ್ಕಳು ಎಷ್ಟೋ ಜನ. ಒಮ್ಮೊಮ್ಮೆ ಮೇಷ್ಟ್ರೂ ಹಾಗೇ ಅನ್ನುತ್ತಾರೆ.

‘ಬಗ್ಗೆ’ ಇದಕ್ಕಿಂತ ದೊಡ್ಡ ಬಲೆ. ‘ಆ ವಿಷಯದ ಬಗ್ಗೆ ಚರ್ಚಿಸಿದೆವು’ ಎನ್ನಬೇಕಾದರೆ ‘ವಿ ಡಿಸ್ಕಸ್ಡ್ ದ ಮ್ಯಾಟರ್.’ ಅಲ್ಲಿ ‘ಅಬೌಟ್’ ಇಲ್ಲ. ‘ಮೆನ್ಷನ್’ ಆದ ಮೇಲೂ ಇಲ್ಲ. ‘ಟಾಕ್’ ಬಳಸಿದರೆ ಮಾತ್ರ ‘ವಿ ಟಾಕ್ಡ್ ಅಬೌಟ್ ದ ಮ್ಯಾಟರ್.’ ತಮಾಷೆ ಏನೆಂದರೆ ‘ಡಿಸ್ಕಷನ್’ ಎಂಬ ನಾಮಪದಕ್ಕೆ ‘ಅಬೌಟ್’ ಒಪ್ಪುತ್ತದೆ: ‘ವಿ ಹ್ಯಾಡ್ ಎ ಡಿಸ್ಕಷನ್ ಅಬೌಟ್ ಇಟ್.’ ಕ್ರಿಯಾಪದಕ್ಕೆ ಮಾತ್ರ ಒಪ್ಪುವುದಿಲ್ಲ.

‘ಮೇಲೆ’ ಮತ್ತು ‘ಜೊತೆ’ ಸೇರಿ ಮನುಷ್ಯ ಸಂಬಂಧಗಳನ್ನೇ ಕೆಡಿಸುತ್ತವೆ. ನನ್ನ ಮೇಲೆ ಕೋಪ ಅಂದರೆ ‘ಆಂಗ್ರಿ ವಿತ್ ಮೀ’, ‘ಆಂಗ್ರಿ ಆನ್ ಮೀ’ ಅಲ್ಲ. ಡಾಕ್ಟರ್ ಜೊತೆ ಮದುವೆ ಆಯ್ತು ಅಂದರೆ ‘ಮ್ಯಾರೀಡ್ ಟು ಎ ಡಾಕ್ಟರ್’, ‘ವಿತ್’ ಅಲ್ಲ. ಕೋಪಕ್ಕೆ ‘ವಿತ್’, ಮದುವೆಗೆ ‘ಟು’. ನಮ್ಮ ಲೆಕ್ಕಕ್ಕೆ ಇದು ತಿರುಗಾಮುರುಗಾ. ‘ಡಿಪೆಂಡ್ ಆನ್’ ಒಂದು ನಮ್ಮ ‘ಮೇಲೆ’ಗೆ ಸರಿಯಾಗಿ ಹೊಂದುತ್ತದೆ.

‘ಅಲ್ಲಿ’ ಒಂದೇ ಪ್ರತ್ಯಯ ಇಂಗ್ಲಿಷಿನ ಬೇರೆ ಬೇರೆ ಪದಗಳಿಗೆ ಒಡೆದುಕೊಳ್ಳುತ್ತದೆ. ಮಂಡ್ಯದಲ್ಲಿ ಇದ್ದೇನೆ: ‘ಇನ್ ಮಂಡ್ಯ’. ಬಸ್ ಸ್ಟ್ಯಾಂಡಲ್ಲಿ ಇದ್ದೇನೆ: ‘ಅಟ್ ದ ಬಸ್ ಸ್ಟ್ಯಾಂಡ್’. ಬಸ್ಸಲ್ಲಿ ಕೂತಿದ್ದೇನೆ: ‘ಆನ್ ದ ಬಸ್’. ಬಸ್ಸಲ್ಲಿ ಬಂದೆ: ‘ಬೈ ಬಸ್’. ಲೆಕ್ಕದಲ್ಲಿ ಜಾಣ: ‘ಗುಡ್ ಅಟ್ ಮ್ಯಾಥ್ಸ್’. ಕೊನೆಯದನ್ನು ವಿಶೇಷವಾಗಿ ಬರೆದುಕೊಳ್ಳಿ. ಇಂಟರ್‌ವ್ಯೂನಲ್ಲಿ ‘ಗುಡ್ ಇನ್’ ಎನ್ನುವವರೇ ಹೆಚ್ಚು.

‘ಇಂದ’ದಲ್ಲಿ ಒಂದು ಸೂಕ್ಷ್ಮ ಇದೆ. ‘ಎರಡು ಗಂಟೆಯಿಂದ ಕಾಯ್ತಿದ್ದೀನಿ’ ಎಂದರೆ ಏನು? ಗಡಿಯಾರ ಎರಡು ತೋರಿಸಿದಾಗಿನಿಂದಲೂ ಆಗಬಹುದು, ಎರಡು ತಾಸಿನಿಂದಲೂ ಆಗಬಹುದು. ಕನ್ನಡಕ್ಕೆ ಎರಡೂ ಒಂದೇ. ಇಂಗ್ಲಿಷ್ ಇಲ್ಲಿ ಬೇರೆ ಮಾಡಲೇಬೇಕು ಎನ್ನುತ್ತದೆ. ಶುರುವಾದ ಗಳಿಗೆ ಹೇಳಿದರೆ ‘ಸಿನ್ಸ್ ಟೂ ಓಕ್ಲಾಕ್’. ಎಷ್ಟು ಹೊತ್ತು ಎಂದು ಹೇಳಿದರೆ ‘ಫಾರ್ ಟೂ ಅವರ್ಸ್’. ಕ್ರಿಯಾಪದ ಎರಡರಲ್ಲೂ ‘ಐ ಹ್ಯಾವ್ ಬೀನ್ ವೇಟಿಂಗ್’. ‘ಐ ಆಮ್ ವೇಟಿಂಗ್ ಸಿನ್ಸ್ ಟೂ ಅವರ್ಸ್’ ಎಂದರೆ ಒಂದೇ ವಾಕ್ಯದಲ್ಲಿ ಎರಡು ತಪ್ಪು.

ಇನ್ನು ‘ಅನ್ನು’. ಮಾತಿನಲ್ಲಿ ಅದನ್ನು ನಾವು ಬಿಟ್ಟೇಬಿಡುತ್ತೇವೆ. ‘ಹಾಡು ಕೇಳು’, ‘ಫೋಟೋ ನೋಡು’, ‘ಪೆನ್ ಹುಡುಕು’ ಎನ್ನುತ್ತೇವೆ. ಹಾಗಾಗಿ ಇಂಗ್ಲಿಷಿನಲ್ಲೂ ಪ್ರೆಪೊಸಿಷನ್ ಬಿಟ್ಟುಹೋಗುತ್ತದೆ. ‘ಲಿಸನ್ ಟು ದ ಸಾಂಗ್’, ‘ಲುಕ್ ಅಟ್ ದ ಫೋಟೋ’, ‘ಲುಕ್ ಫಾರ್ ದ ಪೆನ್’. ಇಲ್ಲಿ ಸಣ್ಣ ಪದ ಬಿಟ್ಟರೆ ವಾಕ್ಯ ಕುಂಟುತ್ತದೆ.

ಎಚ್ಚರಿಕೆ: ಇದಕ್ಕೆ ನಿಯಮ ಹುಡುಕಿ ಹೊತ್ತು ಕಳೆಯಬೇಡಿ. ಕ್ರಿಯಾಪದ ಬರೆದುಕೊಳ್ಳುವಾಗಲೇ ಅದರ ಜೊತೆಗಾರ ಪದವನ್ನೂ ಸೇರಿಸಿ ಬರೆಯಿರಿ. ‘ಲಿಸನ್ = ಕೇಳು’ ಎಂದಲ್ಲ, ‘ಲಿಸನ್ ಟು = ಕೇಳು’ ಎಂದು. ‘ಡಿಸ್ಕಸ್’ ಮುಂದೆ ಏನೂ ಬರುವುದಿಲ್ಲವಾದರೆ ಅಲ್ಲೊಂದು ಸೊನ್ನೆ ಹಾಕಿ.

ಹಂತ 3: ‘ಅಪ್’ ಅಂದರೇನು ಎಂದು ಕೇಳಬೇಡಿ. ‘ಬಿಡು’ ಅಂದರೇನು ಎಂದು ಕೇಳಿಕೊಳ್ಳಿ

ಈಗ ಅನುಕೂಲದ ಭಾಗ. ‘ಈಟ್ ಅಪ್’ನಲ್ಲಿ ‘ಮೇಲೆ’ ಎಲ್ಲಿದೆ ಎಂದು ತಲೆ ಕೆಡಿಸಿಕೊಳ್ಳುವವರು ಒಮ್ಮೆ ತಮ್ಮದೇ ಮಾತು ಕೇಳಿಸಿಕೊಳ್ಳಲಿ. ‘ತಟ್ಟೆಯಲ್ಲಿರೋದು ತಿಂದ್ಬಿಡು’ ಎಂದು ಮಗುವಿಗೆ ಹೇಳುತ್ತೇವೆ. ಅಲ್ಲಿ ಏನನ್ನು ಬಿಡಬೇಕು? ಏನನ್ನೂ ಅಲ್ಲ. ಪೂರ್ತಿ ಮುಗಿಸು ಎಂಬ ಅರ್ಥ ‘ಬಿಡು’ವಿನಿಂದ ಬಂತು. ‘ಕೆರೆ ಒಣಗಿಹೋಯ್ತು’ ಎನ್ನುವಾಗ ಕೆರೆ ಎಲ್ಲಿಗೂ ಹೋಗಲಿಲ್ಲ. ‘ಮರ ಕಡಿದುಹಾಕಿದರು’ ಎನ್ನುವಾಗ ಯಾರೂ ಏನನ್ನೂ ಹಾಕಲಿಲ್ಲ.

ಇಂಗ್ಲಿಷಿನ ಸಣ್ಣ ಪದಗಳು ಮಾಡುವುದೂ ಇದೇ ಕೆಲಸ.

‘ಈಟ್ ಅಪ್ ಯುವರ್ ರೈಸ್.’ ಅನ್ನ ತಿಂದುಬಿಡು.
‘ದ ಲೇಕ್ ಹ್ಯಾಸ್ ಡ್ರೈಡ್ ಅಪ್.’ ಕೆರೆ ಒಣಗಿಹೋಗಿದೆ.
‘ದೇ ಕಟ್ ಡೌನ್ ದ ಟ್ರೀಸ್.’ ಮರ ಕಡಿದುಹಾಕಿದರು.
‘ಹಿ ಟೋರ್ ಅಪ್ ದ ಲೆಟರ್.’ ಕಾಗದ ಹರಿದುಹಾಕಿದ.
‘ದ ಡಾಗ್ ರ‍್ಯಾನ್ ಅವೇ.’ ನಾಯಿ ಓಡಿಹೋಯಿತು.
‘ರೈಟ್ ಡೌನ್ ದ ನಂಬರ್.’ ನಂಬರ್ ಬರೆದುಕೋ.

ಗಮನಿಸಿ, ನಮ್ಮ ‘ಬಿಡು, ಹಾಕು, ಹೋಗು, ಕೊಳ್ಳು’ ಕೂಡ ಎಲ್ಲ ಕ್ರಿಯಾಪದಕ್ಕೂ ಸಲೀಸಾಗಿ ಅಂಟುವುದಿಲ್ಲ. ‘ಒಣಗಿಹೋಯ್ತು’ ಸರಿ, ‘ಒಣಗಿಹಾಕಿತು’ ಅಂದರೆ ಮಂಡ್ಯದ ಚಿಕ್ಕ ಮಗುವೂ ನಗುತ್ತದೆ. ಆದರೆ ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ವಾಕ್ಯಗಳನ್ನು ಕೇಳಿ ಕೇಳಿ ಬಂತು. ಇಂಗ್ಲಿಷಿನ ಜೋಡಿಗಳೂ ಹಾಗೆಯೇ ಬರುತ್ತವೆ, ವಾಕ್ಯದ ಸಮೇತ.

ಹಾಗಂತ ‘ಬಿಡು’ ಎಂದರೆ ‘ಅಪ್’, ‘ಹಾಕು’ ಎಂದರೆ ‘ಡೌನ್’ ಎಂದು ಹೊಸ ಸೂತ್ರ ಮಾಡಿಕೊಳ್ಳಬೇಡಿ. ಎರಡನೇ ಹಂತದ ತಪ್ಪನ್ನೇ ಇನ್ನೊಂದು ಬಾಗಿಲಿಂದ ಒಳಗೆ ಬಿಟ್ಟಂತಾಗುತ್ತದೆ.

ಒಂದೇ ಜೋಡಿಗೆ ಹಲವು ಅರ್ಥ ಇರುವುದು ಇನ್ನೊಂದು ತೊಡಕು. ‘ಪಿಕ್ ಅಪ್’ ತೆಗೆದುಕೊಳ್ಳಿ. ‘ಪಿಕ್ ಅಪ್ ದ ಫೋನ್’ ಅಂದರೆ ಫೋನ್ ಎತ್ತು. ಇದನ್ನೇ ‘ಪಿಕ್ ದ ಫೋನ್’ ಎಂದು ಅರ್ಧಕ್ಕೆ ನಿಲ್ಲಿಸುವುದು ನಮ್ಮಲ್ಲಿ ಮಾಮೂಲು. ‘ಪಿಕ್ ಮೀ ಅಪ್ ಅಟ್ ಸಿಕ್ಸ್’ ಅಂದರೆ ಆರಕ್ಕೆ ಬಂದು ಕರೆದುಕೊಂಡು ಹೋಗು. ‘ಶಿ ಪಿಕ್ಡ್ ಅಪ್ ತಮಿಳ್ ಫ್ರಮ್ ಹರ್ ನೇಬರ್ಸ್’ ಅಂದರೆ ಅಕ್ಕಪಕ್ಕದವರಿಂದ ಕೇಳಿ ಕೇಳಿ ತಮಿಳು ಕಲಿತಳು. ‘ಬಿಸಿನೆಸ್ ಪಿಕ್ಸ್ ಅಪ್ ಡ್ಯೂರಿಂಗ್ ದಸರಾ’ ಅಂದರೆ ದಸರಾದಲ್ಲಿ ವ್ಯಾಪಾರ ಚುರುಕಾಗುತ್ತದೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಮಾರುವವರನ್ನು ಕೇಳಿದರೆ ಕೊನೆಯ ವಾಕ್ಯ ಎಷ್ಟು ನಿಜ ಎಂದು ಹೇಳುತ್ತಾರೆ. ನಾಲ್ಕನ್ನೂ ಒಂದೇ ದಿನ ಕಲಿಯಬೇಡಿ. ಇವತ್ತು ಫೋನ್ ಎತ್ತುವುದು ಸಾಕು.

‘ಗೋ ಆಫ್’ ಬಗ್ಗೆ ಬೇರೆಯಾಗಿ ಹೇಳಬೇಕು. ‘ದ ಲೈಟ್ಸ್ ವೆಂಟ್ ಆಫ್’ ಅಂದರೆ ದೀಪ ಆರಿತು. ‘ದ ಅಲಾರಂ ವೆಂಟ್ ಆಫ್ ಅಟ್ ಫೈವ್’ ಅಂದರೆ ಅಲಾರಂ ಆಫ್ ಆಯಿತು ಎಂದಲ್ಲ, ಐದಕ್ಕೆ ಹೊಡೆದುಕೊಂಡಿತು! ಬ್ರಿಟಿಷರು ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಎಂದರೆ ಹಾಲು ಕೆಟ್ಟಿದೆ ಎಂದರ್ಥ. ಒಂದೊಂದು ಪದದ ಅರ್ಥ ಕೂಡಿಸಿ ಲೆಕ್ಕ ಹಾಕುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಹಂತ 4: ವಸ್ತು ಎಲ್ಲಿ ಕೂರಬೇಕು?

ಪರೀಕ್ಷೆಯಲ್ಲಿ ಅಂಕ ಹೋಗುವುದೂ ಮಾತಿನಲ್ಲಿ ಬಣ್ಣ ಬಯಲಾಗುವುದೂ ಇಲ್ಲೇ. ನಿಧಾನವಾಗಿ ಓದಿ.

ಕ್ರಿಯೆ ಯಾವುದರ ಮೇಲೆ ನಡೆಯುತ್ತದೋ ಅದು ಆಬ್ಜೆಕ್ಟ್, ನಮ್ಮ ವ್ಯಾಕರಣದಲ್ಲಿ ಕರ್ಮ. ಗದ್ದೆಯ ಪಂಪ್‌ಸೆಟ್ ಮೋಟರ್ ಆಫ್ ಮಾಡಬೇಕು ಅಂದುಕೊಳ್ಳಿ. ಮೋಟರ್ ಇಲ್ಲಿ ಆಬ್ಜೆಕ್ಟ್. ಎರಡು ರೀತಿ ಹೇಳಬಹುದು:

‘ಸ್ವಿಚ್ ಆಫ್ ದ ಮೋಟರ್.’
‘ಸ್ವಿಚ್ ದ ಮೋಟರ್ ಆಫ್.’

ಎರಡೂ ಸರಿ. ಆದರೆ ಮೋಟರ್ ಬದಲು ‘ಅದು’ ಎಂಬ ಸರ್ವನಾಮ ಬಂತೋ, ಒಂದೇ ದಾರಿ:

‘ಸ್ವಿಚ್ ಇಟ್ ಆಫ್.’

‘ಸ್ವಿಚ್ ಆಫ್ ಇಟ್’ ತಪ್ಪು. ಇಟ್, ಹಿಮ್, ಹರ್, ದೆಮ್, ಮೀ, ಅಸ್ – ಇವೆಲ್ಲ ನಡುವೆಯೇ ಕೂರಬೇಕು. ‘ಫಿಲ್ ಇನ್ ದ ಫಾರ್ಮ್’, ಆದರೆ ‘ಫಿಲ್ ಇಟ್ ಇನ್’. ‘ಗಿವ್ ಬ್ಯಾಕ್ ದ ಮನಿ’, ಆದರೆ ‘ಗಿವ್ ಇಟ್ ಬ್ಯಾಕ್’. ‘ದೇ ಟರ್ನ್ಡ್ ಡೌನ್ ದ ಆಫರ್’, ಅಂದರೆ ಬೇಡ ಎಂದರು. ಆದರೆ ‘ದೇ ಟರ್ನ್ಡ್ ಇಟ್ ಡೌನ್’. ‘ಡ್ರಾಪ್ ಮೀ ಆಫ್ ಅಟ್ ದ ಸಬರ್ಬ್ ಬಸ್ ಸ್ಟ್ಯಾಂಡ್’ ಎಂದು ಆಟೋದವರಿಗೆ ಹೇಳುವಾಗಲೂ ‘ಮೀ’ ನಡುವೆಯೇ.

ಆಬ್ಜೆಕ್ಟ್ ಉದ್ದವಾಗಿದ್ದರೆ ನಡುವೆ ತುರುಕಬೇಡಿ. ನಾಲೆ ಪಕ್ಕದ ಹಳೇ ಮೋಟರ್ ಎನ್ನಬೇಕಾದರೆ ‘ಸ್ವಿಚ್ ಆಫ್ ದ ಓಲ್ಡ್ ಮೋಟರ್ ನಿಯರ್ ದ ಕೆನಾಲ್’ ಎನ್ನಿ. ‘ಸ್ವಿಚ್’ ಹೇಳಿ, ನಾಲೆಯವರೆಗೂ ಹೋಗಿ, ಆಮೇಲೆ ‘ಆಫ್’ ಅನ್ನುವಷ್ಟರಲ್ಲಿ ಕೇಳುವವನಿಗೆ ದಾರಿ ತಪ್ಪಿರುತ್ತದೆ.

ಇಲ್ಲೊಂದು ಅಪ್ಪಟ ನಮ್ಮೂರಿನ ತಪ್ಪಿದೆ: ‘ಆಫ್ ದ ಫ್ಯಾನ್’, ‘ಆನ್ ದ ಮೋಟರ್’. ಇದು ಎಲ್ಲಿಂದ ಬಂತು ಎನ್ನುವುದು ಸುಲಭ. ಕನ್ನಡದಲ್ಲಿ ‘ಫ್ಯಾನ್ ಆಫ್ ಮಾಡು’ ಎನ್ನುತ್ತೇವೆ. ಅಲ್ಲಿ ಕ್ರಿಯಾಪದ ‘ಮಾಡು’. ಇಂಗ್ಲಿಷಿಗೆ ಹೋಗುವಾಗ ‘ಮಾಡು’ ಬಿಟ್ಟು ಹೋಗುತ್ತೇವೆ, ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲದಂತಾಗುತ್ತದೆ. ‘ಸ್ವಿಚ್’ ಅಥವಾ ‘ಟರ್ನ್’ ಸೇರಿಸಿದರೆ ಸರಿಹೋಯಿತು.

ಈಗ ಬಿಡಿಸಲಾಗದ ಜೋಡಿಗಳು. ‘ಲುಕ್ ಆಫ್ಟರ್ ಮೈ ಮದರ್.’ ಸರ್ವನಾಮ ಬಂದರೂ ‘ಲುಕ್ ಆಫ್ಟರ್ ಹರ್.’ ‘ಲುಕ್ ಹರ್ ಆಫ್ಟರ್’ ಎನ್ನುವಂತಿಲ್ಲ. ಇದೇ ಗುಂಪಿನವು: ‘ಲುಕ್ ಫಾರ್’ ಅಂದರೆ ಹುಡುಕು, ‘ಗೆಟ್ ಓವರ್’ ಅಂದರೆ ಕಾಯಿಲೆ ಅಥವಾ ದುಃಖದಿಂದ ಚೇತರಿಸಿಕೋ, ‘ರನ್ ಇನ್‌ಟು’ ಅಂದರೆ ಆಕಸ್ಮಿಕವಾಗಿ ಎದುರಾಗು, ‘ಟೇಕ್ ಆಫ್ಟರ್’ ಅಂದರೆ ಹೆತ್ತವರನ್ನು ಹೋಲು. ‘ಶಿ ಟೇಕ್ಸ್ ಆಫ್ಟರ್ ಹರ್ ಗ್ರ್ಯಾಂಡ್‌ಮದರ್’ ಎಂದರೆ ಅಜ್ಜಿಯ ಹಾಗೇ ಇದ್ದಾಳೆ.

ಯಾವುದನ್ನು ಬಿಡಿಸಬಹುದು, ಯಾವುದನ್ನು ಬಿಡಿಸಬಾರದು ಎಂದು ತಿಳಿಯಲು ಎರಡು ಉಪಾಯಗಳಿವೆ.

ಮೊದಲನೆಯದು ನಿಘಂಟು. ಮೂಲ ಕ್ರಿಯಾಪದದ ಕೆಳಗೇ ಈ ಜೋಡಿಗಳನ್ನು ಕೊಟ್ಟಿರುತ್ತಾರೆ. ‘ಪುಟ್ ಸಮ್‌ಥಿಂಗ್ ಆಫ್’ ಎಂದು ‘ಸಮ್‌ಥಿಂಗ್’ ನಡುವೆ ಇದ್ದರೆ ಬಿಡಿಸಬಹುದು. ‘ಲುಕ್ ಆಫ್ಟರ್ ಸಮ್‌ಬಡಿ’ ಎಂದು ಕೊನೆಯಲ್ಲಿದ್ದರೆ ಬಿಡಿಸಬಾರದು. ಕೆಲವು ಕಡೆ ಈ ಪದಗಳನ್ನು ಚಿಕ್ಕದು ಮಾಡಿ ಬರೆದಿರುತ್ತಾರೆ. ಕನ್ನಡ ಅರ್ಥವನ್ನಷ್ಟೇ ಕೊಡುವ ಪುಸ್ತಕಗಳಲ್ಲಿ ಈ ಸುಳಿವು ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೇ ಅದೊಂದೇ ಸಾಲದು ಎಂದದ್ದು.

ಎರಡನೆಯದು ಕಿವಿ. ‘ಸ್ವಿಚ್ ಇಟ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ. ‘ಲುಕ್ ಅಟ್ ಇಟ್’ ಎನ್ನುವಾಗ ಒತ್ತು ‘ಲುಕ್’ ಮೇಲೆ, ‘ಅಟ್’ ಸುಮ್ನೆ ಹಾದುಹೋಗುತ್ತದೆ. ಸಣ್ಣ ಪದಕ್ಕೆ ಒತ್ತು ಬಿದ್ದು, ಮುಂದೆ ಆಬ್ಜೆಕ್ಟ್ ಕೂಡ ಇದ್ದರೆ ಸಾಮಾನ್ಯವಾಗಿ ಬಿಡಿಸಬಹುದಾದ ಜೋಡಿ. ನಿಘಂಟಿನ ವಾಕ್ಯವನ್ನು ಜೋರಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಾವು ಎಲ್ಲ ಪದಕ್ಕೂ ಒಂದೇ ತೂಕ ಕೊಡುತ್ತೇವೆ ಎಂದು ಆಗ ಗೊತ್ತಾಗುತ್ತದೆ.

ಆಬ್ಜೆಕ್ಟೇ ಬೇಡದ ಜೋಡಿಗಳೂ ಇವೆ. ‘ದ ಬಸ್ ಬ್ರೋಕ್ ಡೌನ್ ನಿಯರ್ ಶ್ರೀರಂಗಪಟ್ಟಣ.’ ಬಸ್ ಕೆಟ್ಟು ನಿಂತಿತು. ಇಲ್ಲಿ ‘ವಾಸ್’ ಸೇರಿಸಿ ‘ವಾಸ್ ಬ್ರೋಕ್ ಡೌನ್’ ಎನ್ನಬೇಡಿ, ಅಷ್ಟೇ.

ಹಂತ 5: ಮೂರು ಪದದವು

ಇವಕ್ಕೆ ಹೆದರುವವರು ಜಾಸ್ತಿ. ನಿಜವಾಗಿ ಇವೇ ಸುಲಭ. ಇವುಗಳಲ್ಲಿ ಬಹುತೇಕವನ್ನು ಬಿಡಿಸುವ ಪ್ರಶ್ನೆಯೇ ಇಲ್ಲ, ಆಬ್ಜೆಕ್ಟ್ ಕೊನೆಗೆ ಬರುತ್ತದೆ. ‘ಐ ಕಾಂಟ್ ಪುಟ್ ಅಪ್ ವಿತ್ ಹಿಮ್’ ಅಂದರೆ ಅವನನ್ನು ಸಹಿಸಿಕೊಳ್ಳಲು ಆಗುವುದಿಲ್ಲ.

ಖಾಲಿಯಾಗುವುದನ್ನು ಹೇಳುವಾಗ ಮಾತ್ರ ವಾಕ್ಯವನ್ನು ತಿರುಗಿಸಬೇಕು. ಕನ್ನಡದಲ್ಲಿ ‘ಡೀಸೆಲ್ ಖಾಲಿಯಾಯ್ತು’. ಇಂಗ್ಲಿಷಿನಲ್ಲಿ ‘ವಿ ರ‍್ಯಾನ್ ಔಟ್ ಆಫ್ ಡೀಸೆಲ್ ನಿಯರ್ ಮದ್ದೂರು’. ವಾಕ್ಯ ಶುರುವಾಗುವುದು ನಮ್ಮಿಂದ, ಡೀಸೆಲ್‌ನಿಂದ ಅಲ್ಲ. ಡೀಸೆಲ್‌ನಿಂದಲೇ ಶುರು ಮಾಡಬೇಕಾದರೆ ಕೊನೆಯ ‘ಆಫ್’ (ಇದು of, ‘ಪುಟ್ ಆಫ್’ನ off ಅಲ್ಲ) ಬಿಡಿ: ‘ದ ಡೀಸೆಲ್ ರ‍್ಯಾನ್ ಔಟ್.’

ಕೆಲಸಕ್ಕೆ ಅರ್ಜಿ ಹಾಕುವವರು ಪತ್ರದ ಕೊನೆಯಲ್ಲಿ ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯು’ ಎಂದು ಬರೆಯುತ್ತಾರೆ. ಬೇಕಾದದ್ದು ‘ಟು ಮೀಟಿಂಗ್ ಯು’. ಈ ‘ಟು’ ಪ್ರೆಪೊಸಿಷನ್, ಅದರ ಮುಂದೆ ನಾಮಪದ ಅಥವಾ ‘ಇಂಗ್’ ರೂಪ ಬರಬೇಕು. ಅನುಮಾನ ಬಂದರೆ ಆ ಜಾಗದಲ್ಲಿ ಒಂದು ನಾಮಪದ ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ದಸರಾ’ ಎನ್ನಬಹುದು ಅಲ್ವಾ? ಹಾಗಾದರೆ ಅಲ್ಲಿ ‘ಇಂಗ್’ ಬೇಕು. ‘ಐ ಆಮ್ ಯೂಸ್ಡ್ ಟು ದ ಹೀಟ್’, ಹಾಗಾಗಿ ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’. ‘ಆಮ್’ ಇಲ್ಲದ ‘ಐ ಯೂಸ್ಡ್ ಟು ವರ್ಕ್’ ಬೇರೆಯೇ ಮಾತು. ಮೊದಲು ಮಾಡುತ್ತಿದ್ದೆ, ಈಗ ಇಲ್ಲ ಎಂದು ಅದರ ಅರ್ಥ.

ಇನ್ನೊಂದು: ‘ಕೋಪ್ ಅಪ್ ವಿತ್’ ಎಂಬುದು ಇಲ್ಲ. ‘ಕೋಪ್ ವಿತ್’ ಇದೆ, ನಿಭಾಯಿಸು ಎಂದರ್ಥ. ‘ರಿಟರ್ನ್ ಬ್ಯಾಕ್’ ಕೂಡ ಬೇಡ, ‘ರಿಟರ್ನ್’ನಲ್ಲೇ ‘ಬ್ಯಾಕ್’ ಇದೆ.

ಹಂತ 6: ಪ್ರಶ್ನೆ ಕೇಳುವಾಗ ಬಾಲ ಕತ್ತರಿಸಬೇಡಿ

‘ಏನು ಹುಡುಕ್ತಿದ್ದೀಯ?’ ಎನ್ನಲು ‘ವಾಟ್ ಆರ್ ಯು ಲುಕಿಂಗ್ ಫಾರ್?’ ‘ಯಾರಿಗೆ ಕಾಯ್ತಿದ್ದೀರಿ?’ ಎನ್ನಲು ‘ಹೂ ಆರ್ ಯು ವೇಟಿಂಗ್ ಫಾರ್?’ ವಾಕ್ಯದ ಕೊನೆಯಲ್ಲಿ ಪ್ರೆಪೊಸಿಷನ್ ಬರಬಾರದು ಎಂದು ಕೆಲವು ಹಳೇ ಮೇಷ್ಟ್ರುಗಳು ಹೇಳಿಕೊಟ್ಟಿರುತ್ತಾರೆ. ಮಾತಿನ ಇಂಗ್ಲಿಷಿನಲ್ಲಿ ಅದು ಧಾರಾಳವಾಗಿ ಬರುತ್ತದೆ.

ಹಂತ 7: ಕನ್ನಡಕ್ಕೆ ಬಂದಿರುವವನ್ನು ಬಳಸಿಕೊಳ್ಳಿ, ಆದರೆ ಬಿಡಿಸಿ ಬಳಸಿ

ಬ್ಯಾಕಪ್, ಲಾಗಿನ್, ಚೆಕಪ್, ಬ್ರೇಕಪ್ – ಇವೆಲ್ಲ ನಮ್ಮ ಮಾತಿನಲ್ಲಿ ಆಗಲೇ ಇವೆ. ಇವು ನಾಮಪದಗಳು, ಇಂಗ್ಲಿಷಿನಲ್ಲಿ ಒಂದೇ ಪದವಾಗಿ, ಕೆಲವನ್ನು ನಡುವೆ ಅಡ್ಡಗೆರೆ ಹಾಕಿ ಬರೆಯುತ್ತಾರೆ. ಕ್ರಿಯಾಪದ ಮಾಡಿದಾಗ ಎರಡಾಗಿ ಒಡೆಯುತ್ತವೆ: ‘ಬ್ಯಾಕ್ ಅಪ್’, ‘ಲಾಗ್ ಇನ್’. ಭೂತಕಾಲದ ಪ್ರತ್ಯಯ ಮೊದಲ ತುಂಡಿಗೆ ಅಂಟುತ್ತದೆ: ‘ಐ ಲಾಗ್ಡ್ ಇನ್’, ‘ಐ ಬ್ಯಾಕ್ಡ್ ಅಪ್ ದ ಫೋಟೋಸ್’. ‘ಲಾಗಿನ್ಡ್’ ಎಂದು ಆಫೀಸ್ ಮೇಲ್‌ನಲ್ಲಿ ಬರೆಯಬೇಡಿ.

ಹಂತ 8: ಎಲ್ಲಿ, ಯಾರ ಮುಂದೆ?

ಭಾರತದಲ್ಲಿ ಎಲ್ಲರಿಗೂ ಅರ್ಥವಾಗುವ, ಹೊರಗಿನವರಿಗೆ ವಿಚಿತ್ರವಾಗಿ ಕೇಳುವ ಕೆಲವು ಜೋಡಿಗಳಿವೆ. ಇವನ್ನು ತಪ್ಪು ಎಂದು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಮೈಸೂರಿನ ಸಿಟಿ ಬಸ್ಸಿನಲ್ಲಿ ‘ಗೆಟ್ ಡೌನ್ ಹಿಯರ್’ ಎಂದರೆ ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ವಿದೇಶಿ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಹೋಗುತ್ತಿದ್ದರೆ ಇನ್ನೊಂದು ರೂಪವೂ ಗೊತ್ತಿರಲಿ.

ಬಸ್ಸಿಂದ, ರೈಲಿಂದ ಇಳಿಯುವುದು ‘ಗೆಟ್ ಆಫ್’. ಕಾರಿಂದ, ಆಟೋದಿಂದ ಇಳಿಯುವುದು ‘ಗೆಟ್ ಔಟ್ ಆಫ್’ (ಇಲ್ಲಿ ‘ಆಫ್’ ಅಂದರೆ of). ಹತ್ತುವಾಗ ಬಸ್ಸಿಗೆ ‘ಗೆಟ್ ಆನ್’, ಕಾರಿಗೆ ‘ಗೆಟ್ ಇನ್’. ಎದ್ದು ನಡೆದಾಡುವಷ್ಟು ಜಾಗ ಇರುವ ಗಾಡಿಗೆ ‘ಆನ್’ ಮತ್ತು ‘ಆಫ್’ ಎಂದು ನೆನಪಿಟ್ಟುಕೊಳ್ಳಿ. ಬೈಕು, ಸೈಕಲ್ಲಿಗೂ ‘ಆನ್’ ಮತ್ತು ‘ಆಫ್’, ಅವುಗಳ ಮೇಲೆ ಕೂರುತ್ತೇವಲ್ಲ.

‘ಐ ಪಾಸ್ಡ್ ಔಟ್ ಇನ್ 2022’ ಎಂದು ರೆಸ್ಯುಮೆಯಲ್ಲಿ ಬರೆಯುತ್ತಾರೆ. ಹೊರದೇಶದವರು ಅದನ್ನು ಓದಿದರೆ 2022ರಲ್ಲಿ ಪ್ರಜ್ಞೆ ತಪ್ಪಿ ಬಿದ್ದಿರಿ ಎಂದುಕೊಳ್ಳಬಹುದು. ‘ಐ ಗ್ರ್ಯಾಜುಯೇಟೆಡ್ ಇನ್ 2022’ ಎನ್ನಿ. ಫಾರ್ಮ್‌ಗೆ ‘ಫಿಲ್ ಅಪ್’ ಬದಲು ‘ಫಿಲ್ ಇನ್’ ಅಥವಾ ‘ಫಿಲ್ ಔಟ್’. ‘ಫಿಲ್ ಅಪ್’ ಟ್ಯಾಂಕಿಗೆ ಇರಲಿ. ‘ವೇರ್ ಆರ್ ಯು ಪುಟ್ಟಿಂಗ್ ಅಪ್?’ ಎಂದು ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ಎಲ್ಲಿ ಉಳಿದುಕೊಂಡಿದ್ದೀರಿ ಎಂದರ್ಥ. ಉತ್ತರಕ್ಕೆ ‘ಐ ಆಮ್ ಸ್ಟೇಯಿಂಗ್ ವಿತ್ ಮೈ ಅಂಕಲ್’ ಸಾಕು.

ಬರವಣಿಗೆಯ ಮಾತೂ ಇದೆ. ಗೆಳೆಯನಿಗೆ ‘ಪುಟ್ ಆಫ್’, ಕಚೇರಿಯ ಪತ್ರದಲ್ಲಿ ‘ಪೋಸ್ಟ್‌ಪೋನ್’. ಮಾತಿನಲ್ಲಿ ‘ಫೈಂಡ್ ಔಟ್’, ವರದಿಯಲ್ಲಿ ‘ಡಿಸ್ಕವರ್’ ಅಥವಾ ‘ಡಿಟರ್ಮಿನ್’. ಆದರೆ ಫ್ರೇಸಲ್ ವರ್ಬ್ ಎಲ್ಲವೂ ಆಡುಮಾತು ಎಂದುಕೊಂಡು ಪತ್ರದಿಂದ ಅಷ್ಟನ್ನೂ ಕಿತ್ತುಹಾಕಬೇಡಿ. ‘ಕ್ಯಾರಿ ಔಟ್’, ‘ಸೆಟ್ ಅಪ್’, ‘ಲುಕ್ ಇನ್‌ಟು ದ ಮ್ಯಾಟರ್’ ಎಂಥ ಪತ್ರದಲ್ಲೂ ಚೆನ್ನಾಗಿ ಹೊಂದುತ್ತವೆ.

ಹಂತ 9: ದಿನದ ಅಭ್ಯಾಸ

ದಿನಕ್ಕೆ ಎರಡು ಜೋಡಿ ಸಾಕು. ಒಂದೊಂದಕ್ಕೂ ನಿಮ್ಮದೇ ಬದುಕಿನ ವಾಕ್ಯ ಬರೆಯಿರಿ. ಪುಸ್ತಕದ ‘ಜಾನ್’, ‘ಮೇರಿ’ ಬೇಡ. ನಿಮ್ಮ ಬಸ್, ನಿಮ್ಮ ಕಾಲೇಜು, ನಿಮ್ಮ ಗದ್ದೆ ಬರಲಿ. ಬಿಡಿಸಬಹುದಾದ ಜೋಡಿಯಾದರೆ ಅದೇ ವಾಕ್ಯವನ್ನು ‘ಇಟ್’ ಹಾಕಿ ಇನ್ನೊಮ್ಮೆ ಬರೆಯಿರಿ. ಎರಡನ್ನೂ ಜೋರಾಗಿ ಹೇಳಿ.

‘ಗೆಟ್’ನ ಎಲ್ಲ ಜೋಡಿಗಳನ್ನು ಒಟ್ಟಿಗೆ ಕಲಿಯುವ ಕ್ರಮ ಎಷ್ಟೋ ಪುಸ್ತಕಗಳಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ. ಎಲ್ಲವೂ ಒಂದೇ ಥರ ಕೇಳಿ ಕಲಸುಮೇಲೋಗರ ಆಗುತ್ತದೆ. ಸಂದರ್ಭದ ಪ್ರಕಾರ ಸೇರಿಸಿ. ಪ್ರಯಾಣಕ್ಕೆ ‘ಗೆಟ್ ಆನ್, ಗೆಟ್ ಆಫ್, ಸೆಟ್ ಔಟ್, ಬ್ರೇಕ್ ಡೌನ್, ಡ್ರಾಪ್ ಆಫ್’. ಫೋನಿಗೆ ‘ಪಿಕ್ ಅಪ್, ಹ್ಯಾಂಗ್ ಅಪ್, ಕಾಲ್ ಬ್ಯಾಕ್, ಹೋಲ್ಡ್ ಆನ್’.

ಓದಲು ಸ್ಥಳೀಯ ಸುದ್ದಿ ಒಳ್ಳೆಯದು. ಮೈಸೂರಿನಲ್ಲಿ 1978ರಿಂದ ಬರುತ್ತಿರುವ ಸಂಜೆಯ ಇಂಗ್ಲಿಷ್ ಪತ್ರಿಕೆ ಸ್ಟಾರ್ ಆಫ್ ಮೈಸೂರ್ ಇದಕ್ಕೆ ಸರಿಯಾಗಿದೆ. ಊರಿನ ರಸ್ತೆ, ನೀರು, ಕೆಆರ್‌ಎಸ್ ಮಟ್ಟದ ಸುದ್ದಿ ನಿಮಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಜೋಡಿಯ ಅರ್ಥವನ್ನು ಊಹಿಸಲು ಬರುತ್ತದೆ. ಮೊದಲು ಊಹಿಸಿ, ಆಮೇಲೆ ನಿಘಂಟು ತೆಗೆಯಿರಿ.

ಈಗ ಕೆಳಗಿನವನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ಉತ್ತರ ಆಮೇಲೆ ನೋಡುವಿರಂತೆ.

1. ಮೋಟರ್ ಇನ್ನೂ ಓಡ್ತಿದೆ, ಆಫ್ ಮಾಡು.
2. ಆಷಾಢ ಬಂತೆಂದು ಮದುವೆಯನ್ನು ಶ್ರಾವಣಕ್ಕೆ ಮುಂದೂಡಿದರು.
3. ಮನೆಯಲ್ಲಿ ಅಕ್ಕಿ ಖಾಲಿಯಾಗಿದೆ.
4. ಅವಳು ಮೂರು ಗಂಟೆಯಿಂದ ಬಸ್ಸಿಗೆ ಕಾಯುತ್ತಿದ್ದಾಳೆ.
5. ಅಪ್ಪನಿಗೆ ನನ್ನ ಮೇಲೆ ಕೋಪ.
6. ಮಂಡ್ಯ ತಲುಪಿದ ಮೇಲೆ ನನಗೆ ಫೋನ್ ಮಾಡು.

ಉತ್ತರಗಳು:

1. ‘ದ ಮೋಟರ್ ಈಸ್ ಸ್ಟಿಲ್ ರನ್ನಿಂಗ್. ಸ್ವಿಚ್ ಇಟ್ ಆಫ್.’
2. ‘ದೇ ಪುಟ್ ಆಫ್ ದ ವೆಡ್ಡಿಂಗ್ ಟಿಲ್ ಶ್ರಾವಣ ಬಿಕಾಸ್ ಆಫ್ ಆಷಾಢ.’ ಶ್ರಾವಣಕ್ಕೆ ಎಂಬ ‘ಕ್ಕೆ’ ಇಲ್ಲಿ ‘ಟಿಲ್’ ಆಗಿದೆ. ‘ಅನ್‌ಟಿಲ್’ ಎಂದರೂ ನಡೆಯುತ್ತದೆ.
3. ‘ವಿ ಹ್ಯಾವ್ ರನ್ ಔಟ್ ಆಫ್ ರೈಸ್.’
4. ಮೂರು ತಾಸಾದರೆ ‘ಶಿ ಹ್ಯಾಸ್ ಬೀನ್ ವೇಟಿಂಗ್ ಫಾರ್ ದ ಬಸ್ ಫಾರ್ ತ್ರೀ ಅವರ್ಸ್.’ ಮೂರು ಗಂಟೆಗೆ ಬಂದು ನಿಂತಿದ್ದರೆ ಕೊನೆಯಲ್ಲಿ ‘ಸಿನ್ಸ್ ತ್ರೀ ಓಕ್ಲಾಕ್.’ ಮೊದಲ ಉತ್ತರದಲ್ಲಿ ‘ಫಾರ್’ ಎರಡು ಸಲ ಬಂದದ್ದು ತಪ್ಪಲ್ಲ. ಒಂದು ಬಸ್ಸಿನದು, ಇನ್ನೊಂದು ಹೊತ್ತಿನದು.
5. ‘ಮೈ ಫಾದರ್ ಈಸ್ ಆಂಗ್ರಿ ವಿತ್ ಮೀ.’
6. ‘ಕಾಲ್ ಮೀ ಆಫ್ಟರ್ ಯು ರೀಚ್ ಮಂಡ್ಯ.’ ಇದರಲ್ಲಿ ‘ಟು’ ಎಲ್ಲೂ ಇಲ್ಲ. ಒಂದು ಕಡೆ ಹಾಕಿದ್ದರೂ ಎರಡನೇ ಹಂತವನ್ನು ಇನ್ನೊಮ್ಮೆ ಓದಿ. ‘ರೀಚ್’ ಬದಲು ‘ಗೆಟ್’ ಬಳಸಿದ್ದರೆ ಮಾತ್ರ ‘ಟು’ ಬೇಕು: ‘ಕಾಲ್ ಮೀ ಆಫ್ಟರ್ ಯು ಗೆಟ್ ಟು ಮಂಡ್ಯ.’